ಕೊನೆಯ ವಾರಕ್ಕೆ ಉಳಿದ ಪಾಠ

ವೆಬ್ ಪುಟ ಕಟ್ಟಲು ಹೊಸದಾಗಿ ಕಲಿಯುವ ವಿದ್ಯಾರ್ಥಿ ಒಂದು ಬಟನ್ ಮಾಡುತ್ತಾನೆ. ‘ಡಿವ್’ ಎಂಬ ಖಾಲಿ ಚೌಕಕ್ಕೆ ಬಣ್ಣ ಬಳಿದು, ಮೌಸ್ ಒತ್ತಿದರೆ ಕೆಲಸ ಮಾಡುವಂತೆ ನಾಲ್ಕು ಸಾಲು ಕೋಡ್ ಬರೆಯುತ್ತಾನೆ. ನೋಡಲು ಚೆಂದ, ಅಂಕವೂ ಬರುತ್ತದೆ. ಆದರೆ ಮೌಸ್ ಹಿಡಿಯಲಾಗದವರು ಟ್ಯಾಬ್ ಕೀಲಿ ಒತ್ತಿದರೆ ಆಯ್ಕೆಯ ಗುರುತು ಅಲ್ಲಿ ನಿಲ್ಲದೆ ಮುಂದೆ ಹೋಗಿಬಿಡುತ್ತದೆ. ತೆರೆಯ ಮೇಲಿರುವುದನ್ನು ಅಂಧರಿಗೆ ಓದಿ ಹೇಳುವ ಸ್ಕ್ರೀನ್ ರೀಡರ್‌ಗೂ ಅದು ಬಟನ್ ಎಂದು ತಿಳಿಯುವುದಿಲ್ಲ. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲೇ ಇರುವ ‘ಬಟನ್’ ಟ್ಯಾಗ್ ಬಳಸಿದ್ದರೆ ಇವೆರಡೂ ತಾವಾಗಿಯೇ ಒದಗುತ್ತಿದ್ದವು. ಹೇಳಿಕೊಡಲು ಐದು ನಿಮಿಷ ಸಾಕು. ‘ಆಕ್ಸೆಸಿಬಿಲಿಟಿ’, ಅಂದರೆ ಅಂಗವಿಕಲರಿಗೂ ಬಳಸಲು ಬರುವಂತೆ ಕಟ್ಟುವ ಪಾಠದ ಆ ಐದು ನಿಮಿಷಕ್ಕೆ ಪಠ್ಯಕ್ರಮದಲ್ಲಿ ಜಾಗ ಸಿಗಲು ದಶಕಗಳೇ ಬೇಕಾದವು.

ಕಂಪ್ಯೂಟರ್ ಲೋಕಕ್ಕೆ ಅಂಗವಿಕಲರು ಹೊಸಬರೇನಲ್ಲ. 1960ರ ದಶಕದಲ್ಲೇ ಅಮೆರಿಕದಲ್ಲಿ ಅಂಧರಿಗೆ ಪ್ರೋಗ್ರಾಮಿಂಗ್ ಕಲಿಸಲಾಗುತ್ತಿತ್ತು. ಕಂಪ್ಯೂಟರ್ ತಜ್ಞರ ಸಂಘವಾದ ಎಸಿಎಂ ಇದಕ್ಕೆಂದೇ ಸಮಿತಿ ರಚಿಸಿತ್ತು. ಲೈನ್ ಪ್ರಿಂಟರಿನಲ್ಲಿ ಪೂರ್ಣವಿರಾಮದ ಚುಕ್ಕಿಗಳನ್ನು ಒತ್ತಾಗಿ ಹೊಡೆಸಿ, ಕಾಗದದಲ್ಲಿ ಮೂಡಿದ ಉಬ್ಬುಗಳನ್ನು ಬ್ರೈಲ್‌ನಂತೆ ಬೆರಳಲ್ಲಿ ಓದುವ ಉಪಾಯವೂ ಬಳಕೆಗೆ ಬಂತು. 1980ರ ದಶಕದಲ್ಲಿ ಐಬಿಎಂನ ಜಿಮ್ ಥ್ಯಾಚರ್ ಅಂದಿನ ಕಾರ್ಯಾಚರಣ ವ್ಯವಸ್ಥೆಯಾದ ಡಾಸ್‌ಗೆ ಸ್ಕ್ರೀನ್ ರೀಡರ್ ರೂಪಿಸಿದರು. ಆಗ ತೆರೆಯ ಮೇಲಿದ್ದದ್ದು ಅಕ್ಷರಗಳು. ಅವನ್ನು ಮೆಮೊರಿಯಿಂದ ಹೆಕ್ಕಿ ಓದಿದರಾಯಿತು. ಚಿತ್ರಮಯ ಕಿಟಕಿಗಳು ಬಂದಾಗ ಮೆಮೊರಿಯಲ್ಲಿ ಅಕ್ಷರದ ಬದಲು ಬರೀ ಬಣ್ಣದ ಚುಕ್ಕಿಗಳು ಉಳಿದವು. ಕಣ್ಣಿದ್ದವರಿಗೆ ಸಲೀಸಾದದ್ದೇ ಅಂಧರಿಗೆ ಗೋಡೆಯಾಯಿತು.

ವೆಬ್ ಬಂದ ಮೇಲೆ ನಿಯಮಗಳೇನೋ ಬೇಗನೆ ಹುಟ್ಟಿದವು. 1997ರಲ್ಲಿ ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಆಕ್ಸೆಸಿಬಿಲಿಟಿಗಾಗಿ ಪ್ರತ್ಯೇಕ ವಿಭಾಗ ತೆರೆಯಿತು, 1999ರಲ್ಲಿ ಮೊದಲ ಮಾರ್ಗಸೂಚಿ ಪ್ರಕಟವಾಯಿತು. ಆದರೆ ಅವನ್ನು ಓದಿದ್ದು ಬಹುಮಟ್ಟಿಗೆ ಕಾನೂನಿಗೆ ಅಂಜಿದ ಕಚೇರಿಗಳು. ತರಗತಿಯಲ್ಲಿ ಈ ವಿಷಯ ಬಂದರೂ ಐಚ್ಛಿಕ ಪತ್ರಿಕೆಯ ಕೊನೆಯ ವಾರದಲ್ಲಿ, ಪರೀಕ್ಷೆಗೆ ಬರುವುದಿಲ್ಲವೆಂಬ ಭರವಸೆಯೊಂದಿಗೆ!

ಇದನ್ನು ಬಲ್ಲವರ ಕೊರತೆ ಮೊದಲು ಚುಚ್ಚಿದ್ದು ಉದ್ಯಮಕ್ಕೆ. 2010ರ ದಶಕದ ಮಧ್ಯದಲ್ಲಿ ದೊಡ್ಡ ತಂತ್ರಜ್ಞಾನ ಕಂಪನಿಗಳೂ ವಿಶ್ವವಿದ್ಯಾಲಯಗಳೂ ಇದನ್ನು ಕಲಿಸುವಂತೆ ಮಾಡಲು ‘ಟೀಚ್ ಆಕ್ಸೆಸ್’ ಎಂಬ ಒಕ್ಕೂಟದಲ್ಲಿ ಒಂದಾದವು. 2018ರಲ್ಲಿ ಅಮೆರಿಕದ ಅಧ್ಯಾಪಕರ ಸಮೀಕ್ಷೆಯೊಂದು ಅಡ್ಡಿಗಳನ್ನು ಗುರುತಿಸಿತು: ಏನನ್ನು ಕಲಿಸಬೇಕೆಂಬ ಸ್ಪಷ್ಟ ಗುರಿಗಳಿಲ್ಲ, ಕಲಿಸುವವರಿಗೇ ವಿಷಯ ಗೊತ್ತಿಲ್ಲ. ಅಂದರೆ ಕಲಿಯದವರು ಅಧ್ಯಾಪಕರಾಗಿ, ಕಲಿಯದವರನ್ನೇ ತಯಾರಿಸುತ್ತಿದ್ದಾರೆ. ಎಸಿಎಂ ಮತ್ತಿತರ ಸಂಸ್ಥೆಗಳ 2023ರ ಮಾದರಿ ಪಠ್ಯಕ್ರಮದಲ್ಲಿ ಈ ವಿಷಯಕ್ಕೆ ಪ್ರತ್ಯೇಕ ಘಟಕವಿದೆ.

ಕಲಿಸುವ ಕಡೆಯೂ ಎಡವಟ್ಟುಗಳಿವೆ. ಕಣ್ಣಿಗೆ ಬಟ್ಟೆ ಕಟ್ಟಿ ಕಂಪ್ಯೂಟರ್ ಮುಂದೆ ಕೂರಿಸುವ ಪ್ರಯೋಗ ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಹತ್ತು ನಿಮಿಷ ತಡಕಾಡಿದವನಿಗೆ ದಕ್ಕುವುದು ಮರುಕ. ಸ್ಕ್ರೀನ್ ರೀಡರನ್ನು ಮಿಂಚಿನ ವೇಗದಲ್ಲಿ ಕೇಳಿಸಿಕೊಳ್ಳುವ ಅಂಧ ಪ್ರೋಗ್ರಾಮರನ ಪಳಗಿದ ಕಿವಿ ಅವನ ಅರಿವಿಗೇ ಬರುವುದಿಲ್ಲ. ಅಂಥವರೊಬ್ಬರನ್ನು ತರಗತಿಗೆ ಕರೆದು, ವಿದ್ಯಾರ್ಥಿಗಳ ಪುಟವನ್ನೇ ಅವರ ಮುಂದಿಡುವುದು ಮೇಲು.

ಆಕ್ಸೆಸಿಬಿಲಿಟಿಗಾಗಿ ದುಡಿಯುವ ವೆಬ್‌ಏಮ್ ಸಂಸ್ಥೆ ಪ್ರತಿವರ್ಷ ಹತ್ತು ಲಕ್ಷ ಜಾಲತಾಣಗಳ ಮುಖಪುಟಗಳನ್ನು ಯಂತ್ರದಿಂದ ತಪಾಸಿಸುತ್ತದೆ. ಅಂಗವಿಕಲರಿಗೆ ಅಡ್ಡಿಯಾಗುವ ದೋಷವಿದ್ದ ಪುಟಗಳು 2019ರಲ್ಲಿ ಶೇ. 97.8, 2025ರಲ್ಲಿ ಶೇ. 94.8. ಹೆಚ್ಚಾಗಿ ಸಿಕ್ಕವು ಮಸುಕು ಅಕ್ಷರ, ವಿವರಣೆಯಿಲ್ಲದ ಚಿತ್ರ, ಲೇಬಲ್ ಇಲ್ಲದ ಫಾರ್ಮ್. ಮೂರೂ ಮೊದಲ ಸೆಮಿಸ್ಟರಿನ ಪಾಠಗಳು.