ಎಎಲ್‌ಎಸ್ ಕುರಿತ ಸಾಕ್ಷ್ಯಚಿತ್ರ: ಮೊದಲು ಹೋಗುವುದನ್ನು ಮೊದಲು ಚಿತ್ರಿಸಿ

ಎಎಲ್‌ಎಸ್ (ಅಮಯೋಟ್ರೋಫಿಕ್ ಲ್ಯಾಟರಲ್ ಸ್ಕ್ಲೆರೋಸಿಸ್) ಬಗ್ಗೆ ಸಾಕ್ಷ್ಯಚಿತ್ರ ಮಾಡುವವರು ಚಿತ್ರೀಕರಣದ ವೇಳಾಪಟ್ಟಿಯನ್ನು ತಮ್ಮ ಅನುಕೂಲಕ್ಕೆ ಹಾಕಿಕೊಳ್ಳುವಂತಿಲ್ಲ. ಮಿದುಳು ಮತ್ತು ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುತ್ತಾ ಹೋಗುವ ಕಾಯಿಲೆ ಇದು. ಲಕ್ಷಣ ಕಂಡ ಮೇಲೆ ಬಹುಪಾಲು ಜನ ಬದುಕುವುದು 2ರಿಂದ 5 ವರ್ಷ. ಅದರಲ್ಲಿ ರೋಗ ಯಾವುದೆಂದು ಖಚಿತವಾಗುವುದಕ್ಕೇ ಸಾಮಾನ್ಯವಾಗಿ ವರ್ಷದ ಹತ್ತಿರ ಹಿಡಿಯುತ್ತದೆ.

ಹೆಚ್ಚಿನವರಿಗೆ ಮೊದಲು ಸೋಲುವುದು ಕೈ ಅಥವಾ ಕಾಲು. ಸುಮಾರು ಕಾಲುಭಾಗ ಜನರಿಗೆ ಮಾತು ತೊದಲುವುದು, ನುಂಗಲು ಕಷ್ಟವಾಗುವುದರಿಂದಲೇ ಶುರು. ಆರಂಭ ಹೇಗೇ ಇರಲಿ, ದೀರ್ಘ ಸಂದರ್ಶನ ಮೊದಲ ವಾರಗಳಲ್ಲೇ ಮುಗಿಯಲಿ. ಆಗ ಸ್ವಚ್ಛವಾಗಿ ದಾಖಲಾದ ದನಿ ಚಿತ್ರಕ್ಕಷ್ಟೇ ಸೀಮಿತವಲ್ಲ. ಮಾತು ನಿಂತ ಮೇಲೆ ಅವರದೇ ದನಿಯನ್ನು ಹೋಲುವ ಕೃತಕ ಧ್ವನಿ ರೂಪಿಸಲು ಅದು ಒದಗಬಹುದು. ಸಂಗೀತ ಬೆರೆಸದ ಮೂಲ ಧ್ವನಿಯನ್ನು 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಉಳಿಸಿ, ಒಂದು ಪ್ರತಿಯನ್ನು ಅವರಿಗೇ ಕೊಡಿ.

ಒಪ್ಪಿಗೆ ಪತ್ರಕ್ಕೆ ಒಮ್ಮೆ ಸಹಿ ಹಾಕಿಸಿಕೊಂಡರೆ ಸಾಲದು. ನಡೆಯುತ್ತಿದ್ದಾಗ ಒಪ್ಪಿದವರು ಹಾಸಿಗೆ ಹಿಡಿದಾಗ ಒಪ್ಪದಿರಬಹುದು. ಕೆಲವರಲ್ಲಿ ಯೋಚನೆ, ನಡವಳಿಕೆಯೂ ಬದಲಾಗುವುದರಿಂದ ಪ್ರತಿ ಹಂತದಲ್ಲೂ ಹೊಸದಾಗಿ ಕೇಳಬೇಕು. ಮಾತು ಇರುವಾಗಲೇ ಮೂರು ವಿಷಯ ತೀರ್ಮಾನವಾಗಿರಲಿ: 'ಹೌದು', 'ಬೇಡ', 'ಕ್ಯಾಮೆರಾ ನಿಲ್ಲಿಸಿ' ಎನ್ನಲು ಕಣ್ಣಿನ ಸನ್ನೆ ಯಾವುದು, ಯಾವ ದೃಶ್ಯ ಎಂದಿಗೂ ತೋರಿಸಬಾರದು, ಅವರು ತೀರಿಕೊಂಡ ಮೇಲೆ ಅಂತಿಮ ಮಾತು ಯಾರದು. ಮೂರನೆಯದನ್ನು ಕೇಳಲು ಸಂಕೋಚಪಟ್ಟ ತಂಡಗಳ ಚಿತ್ರ ಕುಟುಂಬದ ಜಗಳದಲ್ಲಿ ಸಿಕ್ಕಿ ನಿಂತುಬಿಡಬಹುದು.

ದಣಿವು ಬೇಗ ಬರುತ್ತದೆ. ಒಮ್ಮೆಗೆ 20ರಿಂದ 30 ನಿಮಿಷ ಸಾಕು, ಅವರಿಗೆ ಚೈತನ್ಯವಿರುವ ಹೊತ್ತನ್ನು ಅವರೇ ಹೇಳಲಿ. ಕ್ಷೀಣ ದನಿಗೆ ಕಾಲರ್ ಮೈಕನ್ನು ಬಾಯಿಂದ 15ರಿಂದ 20 ಸೆಂಟಿಮೀಟರ್ ದೂರದಲ್ಲಿಡಿ. ಉಸಿರಾಟದ ಯಂತ್ರ ಸದ್ದು ಮಾಡುತ್ತದೆಂದು ಅದನ್ನು ನಿಲ್ಲಿಸಲು ಎಂದೂ ಕೇಳಬೇಡಿ. ಯಾರೂ ಮಾತಾಡದೆ ಯಂತ್ರದ ಸದ್ದನ್ನಷ್ಟೇ ಒಂದು ನಿಮಿಷ ದಾಖಲಿಸಿಕೊಳ್ಳಿ; ಸಂಕಲನದಲ್ಲಿ ಅದನ್ನು ಹಿನ್ನೆಲೆಗೆ ಸೇರಿಸಿದರೆ ತುಂಡುಗಳ ನಡುವಿನ ಬಿರುಕು ಕೇಳಿಸುವುದಿಲ್ಲ.

ಸಂಕಲನದಲ್ಲಿ ತಪ್ಪುವುದು ಹೆಚ್ಚಾಗಿ ಎರಡು ಕಡೆ. ಈ ಕಾಯಿಲೆಯಲ್ಲಿ ಮನಸ್ಸಿನ ಭಾವಕ್ಕೆ ಸಂಬಂಧವೇ ಇಲ್ಲದೆ ಅಳು ಅಥವಾ ನಗು ಉಕ್ಕಿ ಬರಬಹುದು. ಆ ಅಳುವಿಗೆ ಶೋಕದ ಸಂಗೀತ ಜೋಡಿಸಿದರೆ ಚಿತ್ರ ಸುಳ್ಳು ಹೇಳಿದಂತೆ. ಅದೂ ಒಂದು ಲಕ್ಷಣವೆಂದು ಅಲ್ಲೇ ತಿಳಿಸಬೇಕು. ಎರಡನೆಯದು ಕಾಯುವ ಹೊತ್ತು. ಕಣ್ಣಿನ ಚಲನೆ ಸಾಮಾನ್ಯವಾಗಿ ಬಹಳ ಕಾಲ ಉಳಿಯುತ್ತದೆ, ಅದರಿಂದಲೇ ಪರದೆಯ ಮೇಲೆ ಒಂದೊಂದು ಅಕ್ಷರ ಆರಿಸಿ ಮಾತು ಜೋಡಿಸುತ್ತಾರೆ. ಒಂದು ವಾಕ್ಯವನ್ನಾದರೂ ಕತ್ತರಿಸದೆ ಪೂರ್ತಿ ಬಿಡಿ. ಉತ್ತರ ಬರುವ ಮುನ್ನವೇ ಬೇರೆಯವರು ಅವರ ಪರವಾಗಿ ಮಾತಾಡಿಬಿಡುವುದು ಎಂಥ ಅನ್ಯಾಯ ಎಂಬುದು ನೋಡುಗರಿಗೆ ಆಗಲೇ ಅರ್ಥವಾಗುತ್ತದೆ.

ಕಾಯಿಲೆ ಗುಣವಾಗುತ್ತದೆಂಬ ಸುಳಿವನ್ನು ಎಲ್ಲೂ ಕೊಡಬೇಡಿ. 1995ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ರಿಲುಜೋಲ್ ಔಷಧ ಆಯುಷ್ಯಕ್ಕೆ ಸೇರಿಸುವುದು ಕೆಲವೇ ತಿಂಗಳು. 2023ರಲ್ಲಿ ಅಲ್ಲೇ ಅನುಮೋದನೆ ಪಡೆದ ಟೋಫರ್ಸೆನ್ ಔಷಧ ಎಸ್‌ಒಡಿ1 ಎಂಬ ಜೀನ್‌ನಲ್ಲಿ ದೋಷವಿರುವ ಸಣ್ಣ ಗುಂಪಿಗೆ ಮಾತ್ರ. ಇಂಥ ಮಾಹಿತಿ ಬೇಗ ಹಳತಾಗುವುದರಿಂದ ನಿರೂಪಣೆಯಲ್ಲಿ ಹೇಳದೆ ಕೊನೆಯ ಅಕ್ಷರಫಲಕದಲ್ಲಿ, ದಿನಾಂಕ ಸಮೇತ ಹಾಕಿ. ಇಡೀ ಚಿತ್ರ ಮುಟ್ಟದೆ ಅದೊಂದನ್ನೇ ಬದಲಿಸಬಹುದು.