ಮೂರನೇ ತೂತಿನ ಕೋಮಲ ಗ: ಬ್ಲೂಸ್ ಮೌತ್ ಆರ್ಗನ್ ಕಲಿಯುವವರಿಗೆ

ಆನ್‌ಲೈನ್‌ನಲ್ಲಿ ಬ್ಲೂಸ್ (ಅಮೆರಿಕದ ಕಪ್ಪು ಜನರ ಸಂಗೀತ ಶೈಲಿ) ಮೌತ್ ಆರ್ಗನ್ ಕಲಿಯುವ ನಮಗೆಲ್ಲ ಜಾಸ್ತಿ ಕಷ್ಟ ಕೊಡುವುದು ಬೆಂಡ್, ಅಂದರೆ ಸ್ವರವನ್ನು ಬಗ್ಗಿಸಿ ಕೆಳಗೆ ಇಳಿಸುವುದು. ಅದರಲ್ಲೂ ಮೂರನೇ ತೂತಿನ ಬೆಂಡ್. ಹುಬ್ಬಳ್ಳಿ-ಧಾರವಾಡದವರಿಗೆ ಅದನ್ನು ಹಿಡಿಯಲು ಒಂದು ಒಳ್ಳೆಯ ದಾರಿ ಇದೆ: ತಂಬೂರಿ ಹಚ್ಚಿಕೊಂಡು ಕಲಿಯುವುದು. ಫೋನಿನಲ್ಲಿರುವ ತಂಬೂರಿ ಆ್ಯಪ್ ಸಾಕು. ಮನೆಯಲ್ಲಿ ಪೇಟಿ (ಹಾರ್ಮೋನಿಯಂ) ಇದ್ದರಂತೂ ಇನ್ನೂ ಒಳ್ಳೆಯದು.

ವಾದ್ಯ ಕೊಳ್ಳುವಾಗ ಹತ್ತು ತೂತಿನ ಡಯಾಟೋನಿಕ್, ಸಿ ಕೀ ಎಂದು ಹೇಳಿ ಕೇಳಿ. ಎರಡು ಸಾಲಿನ ಟ್ರೆಮೊಲೊ ಬೇಡ. ಅದರಲ್ಲಿ ಹಾಡು ಚೆನ್ನಾಗಿ ಬರುತ್ತದೆ, ಆದರೆ ಬೆಂಡ್ ಆಗುವುದಿಲ್ಲ.

ಜರ್ಮನಿಯ ಹೋನರ್ ಕಂಪನಿ 1896ರಲ್ಲಿ ಮರೀನ್ ಬ್ಯಾಂಡ್ ಎಂಬ ಮಾದರಿ ತಂದಿತು. ಇವತ್ತಿಗೂ ಬ್ಲೂಸ್‌ನವರು ಅದನ್ನು ನುಡಿಸುತ್ತಾರೆ. ಆದರೆ ಅದರ ಸ್ವರಗಳನ್ನು ಜೋಡಿಸಿದ್ದು ಸರಳ ಜನಪದ ಹಾಡುಗಳಿಗೆ. ಊದಿದರೆ ಸಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ತಾನಾಗಿ ಬರುತ್ತದೆ. ಅಮೆರಿಕದ ದಕ್ಷಿಣ ಭಾಗದ ಕಪ್ಪು ಕಲಾವಿದರು ಇದನ್ನೇ ತಿರುವಿ ಹಾಕಿದರು. ಊದುವುದರ ಬದಲು ಉಸಿರು ಎಳೆಯುವುದನ್ನೇ ಮುಖ್ಯ ಮಾಡಿಕೊಂಡರು. ಸಿ ವಾದ್ಯದಲ್ಲಿ ಜಿ ಕೀ ನುಡಿಸಿದರು. ಇದಕ್ಕೆ ಸೆಕೆಂಡ್ ಪೊಸಿಷನ್ ಅನ್ನುತ್ತಾರೆ. ಬ್ಲೂಸ್‌ನ ಆ ನೋವಿನ ದನಿ ಬರುವುದು ಹೀಗೆ ಎಳೆದ ಉಸಿರಿನಿಂದಲೇ.

ಇದನ್ನು ನಮ್ಮ ಸರಗಮ್‌ನಲ್ಲಿ ಬರೆದುಕೊಳ್ಳೋಣ (ಕೋಮಲ ಅಂದರೆ ಅರ್ಧ ಸ್ವರ ಇಳಿದದ್ದು, ತೀವ್ರ ಅಂದರೆ ಅರ್ಧ ಸ್ವರ ಏರಿದ್ದು). ಎರಡನೇ ತೂತು ಎಳೆದರೆ ಸಾ, ಅಂದರೆ ಜಿ, ಪೇಟಿಯ ಬಿಳಿ ಐದು (ಐದನೇ ಬಿಳಿ ಮನೆ). ಮೂರು ಎಳೆದರೆ ಶುದ್ಧ ಗ. ನಾಲ್ಕು ಊದಿದರೆ ಮ, ಎಳೆದರೆ ಪ. ಐದು ಎಳೆದರೆ ಕೋಮಲ ನಿ. ಆರು ಊದಿದರೆ ಮೇಲಿನ ಸಾ. ಬ್ಲೂಸ್‌ಗೆ ಬೇಕಾದದ್ದು ಸಾ, ಕೋಮಲ ಗ, ಮ, ತೀವ್ರ ಮ, ಪ, ಕೋಮಲ ನಿ. ಧಾನಿ ರಾಗ ಗೊತ್ತಿರುವವರಿಗೆ ಇದು ಪರಿಚಯದ ದನಿ. ಧಾನಿಯ ಐದು ಸ್ವರಕ್ಕೆ ತೀವ್ರ ಮ ಸೇರಿದರೆ ಬ್ಲೂಸ್ ಸ್ಕೇಲ್ ಆಯಿತು. ಇದರಲ್ಲಿ ಕೋಮಲ ಗ ಮತ್ತು ತೀವ್ರ ಮ ವಾದ್ಯದಲ್ಲಿ ನೇರವಾಗಿ ಸಿಗುವುದಿಲ್ಲ. ಎಳೆದು ಬಗ್ಗಿಸಿಯೇ ತೆಗೆಯಬೇಕು.

ಬೆಂಡ್ ಹೇಗೆ ಆಗುತ್ತದೆ? ಪ್ರತಿ ತೂತಿನಲ್ಲೂ ಎರಡು ರೀಡ್ (ಕಂಪಿಸುವ ತೆಳು ಲೋಹದ ಪಟ್ಟಿ) ಇವೆ. ಊದುವುದಕ್ಕೊಂದು, ಎಳೆಯುವುದಕ್ಕೊಂದು. ಮೂರನೇ ತೂತಿನಲ್ಲಿ ಊದಿದರೆ ಸಾ, ಎಳೆದರೆ ಗ. ಎಳೆಯುತ್ತಲೇ ಬಾಯೊಳಗಿನ ಜಾಗದ ಆಕಾರ ಬದಲಿಸಿದರೆ ಎರಡೂ ರೀಡ್ ಸೇರಿ ನುಡಿಯುತ್ತವೆ, ಸ್ವರ ಕೆಳಗೆ ಜಾರುತ್ತದೆ. ಎಷ್ಟು ಜಾರಿದರೂ ಕೆಳಗಿನ ಸಾ ತನಕ ಮುಟ್ಟುವುದಿಲ್ಲ. ನಡುವೆ ಇರುವ ಕೋಮಲ ಗ, ಶುದ್ಧ ರೆ, ಕೋಮಲ ರೆ ಮೂರೂ ಆ ಒಂದೇ ತೂತಿನಲ್ಲಿ ಸಿಗುತ್ತವೆ. ಅದಕ್ಕೇ ಮೂರನೇ ತೂತು ಇಷ್ಟು ಕಷ್ಟ: ಬಗ್ಗುವುದು ಬೇಗ ಬಂದರೂ ಬೇಕಾದ ಕಡೆ ನಿಲ್ಲುವುದಿಲ್ಲ. ಪೇಟಿಯಲ್ಲೂ ಇದೇ ತರಹದ ರೀಡ್ ಇವೆ, ಆದರೆ ಅಲ್ಲಿ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರುವುದಿಲ್ಲ. ಇಲ್ಲಿ ನಮ್ಮ ಬಾಯಿಯೇ ವಾದ್ಯದ ಒಂದು ಭಾಗ, ಹಾಗಾಗಿ ಬರುತ್ತದೆ. ನನಗೆ ಈ ವಾದ್ಯದ ಮೇಲೆ ಪ್ರೀತಿ ಹುಟ್ಟಿದ್ದೇ ಇದರಿಂದ.

ಮೊದಲು ನಾಲ್ಕನೇ ತೂತಿನಲ್ಲಿ ಶುರು ಮಾಡಿ, ಅಲ್ಲಿ ಬೆಂಡ್ ಒಂದೇ. ಸೀಟಿ ಹೊಡೆಯುವ ಹಾಗೆ ತುಟಿ ಇಟ್ಟು ಮೆಲ್ಲಗೆ ಎಳೆಯಿರಿ. ನಾಲಿಗೆ ‘ಈ’ ಅನ್ನುವ ಜಾಗದಿಂದ ‘ಊ’ ಅನ್ನುವ ಜಾಗಕ್ಕೆ ಹಿಂದೆ ಸರಿಯಲಿ, ದವಡೆ ಸ್ವಲ್ಪ ಇಳಿಯಲಿ. ಜೋರಾಗಿ ಎಳೆದರೆ ರೀಡ್ ಹಾಳಾಗುತ್ತದೆಯೇ ಹೊರತು ಬೆಂಡ್ ಬರುವುದಿಲ್ಲ. ಮೂಗಿನಿಂದ ಉಸಿರು ಸೋರುತ್ತಿದೆಯೇ ನೋಡಿಕೊಳ್ಳಿ.

ಆಮೇಲೆ ಮೂರನೇ ತೂತು. ತಂಬೂರಿಯನ್ನು ಬಿಳಿ ಐದಕ್ಕೆ ಇಡಿ. ಪೇಟಿಯಲ್ಲಿ ಕರಿ ಐದು ಒತ್ತಿ ಕೋಮಲ ಗ ಕೇಳಿ. ಬಾಯಲ್ಲಿ ಹಾಡಿ. ಆಮೇಲೆ ಎಳೆಯಿರಿ. ಹಾಡಲು ಬಂದ ಸ್ವರ ಬೇಗ ಸಿಗುತ್ತದೆ, ಹಾಡುವಾಗಲೂ ನಾಲಿಗೆ ಗಂಟಲು ಜಾಗ ಹುಡುಕಿಕೊಂಡಿರುತ್ತವೆ ಅಲ್ವಾ? ಇದು ಗಟ್ಟಿಯಾದ ಮೇಲೆ ಪೇಟಿ ಬಿಡಿ. ಬ್ಲೂಸ್‌ನವರ ಗ ಎಷ್ಟೋ ಸಲ ಕೋಮಲ ಮತ್ತು ಶುದ್ಧದ ನಡುವೆ ಎಲ್ಲೋ ಇರುತ್ತದೆ. ಅದಕ್ಕೆ ಪೇಟಿಯಲ್ಲಿ ಮನೆ ಇಲ್ಲ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ ಅವರನ್ನು ಕೇಳಿ ಬೆಳೆದ ಕಿವಿಗೆ ಆ ಸೂಕ್ಷ್ಮ ಹೊಸದಲ್ಲ. ಆ ಕಿವಿಯನ್ನೇ ನಂಬಿ. ಜೊತೆಗೆ ಲಿಟಲ್ ವಾಲ್ಟರ್ (1930–1968) ಅವರನ್ನು ನಿಧಾನವಾಗಿ ಕೇಳಿ. ಮೈಕನ್ನು ವಾದ್ಯದ ಜೊತೆ ಅಂಗೈಯಲ್ಲೇ ಹಿಡಿದು ಆಂಪ್ಲಿಫೈಯರ್‌ಗೆ ಜೋಡಿಸಿ, ಶಿಕಾಗೋ ಬ್ಲೂಸ್‌ನ ದನಿಯನ್ನೇ ಬದಲಿಸಿದವರು ಅವರು.

ಇನ್ನು ತಾಳ. ಹನ್ನೆರಡು ಬಾರ್, ಒಂದೊಂದಕ್ಕೆ ನಾಲ್ಕು ಮಾತ್ರೆ, ಒಟ್ಟು 48. ಮೊದಲ ನಾಲ್ಕು ಬಾರ್ ಆಧಾರ ಸಾ, ಎರಡು ಮ, ಎರಡು ಸಾ, ಆಮೇಲೆ ಪ, ಮ, ಸಾ, ಪ ಒಂದೊಂದು. ಧಾನಿಗೂ ಬ್ಲೂಸ್‌ಗೂ ಇರುವ ದೊಡ್ಡ ವ್ಯತ್ಯಾಸ ಇದೇ: ಇಲ್ಲಿ ಕೆಳಗಿನ ಆಧಾರ ಬದಲಾಗುತ್ತಾ ಹೋಗುತ್ತದೆ. ಹಾಗಾಗಿ ತಂಬೂರಿ ಬೆಂಡ್ ಅಭ್ಯಾಸಕ್ಕೆ ಮಾತ್ರ. ಹನ್ನೆರಡು ಬಾರ್ ನುಡಿಸುವಾಗ ಅದನ್ನು ನಿಲ್ಲಿಸಿ, ಗಿಟಾರ್ ಟ್ರ್ಯಾಕ್ ಹಾಕಿಕೊಳ್ಳಿ.

ಆನ್‌ಲೈನ್ ಪಾಠದಲ್ಲಿ ಸರ್ ಜೊತೆ ಒಟ್ಟಿಗೆ ನುಡಿಸಲು ಆಗುವುದಿಲ್ಲ, ಸದ್ದು ತಡವಾಗಿ ತಲುಪುತ್ತದೆ. ಅವರು ನುಡಿಸಿದ್ದನ್ನು ಕೇಳಿ ಆಮೇಲೆ ನುಡಿಸಬೇಕು. ಪಾಠದ ಕರೆಯ ಆ್ಯಪ್‌ನಲ್ಲಿ ನಾಯ್ಸ್ ಸಪ್ರೆಶನ್ ಆಫ್ ಇರಲಿ, ಇಲ್ಲದಿದ್ದರೆ ಉದ್ದ ಸ್ವರವನ್ನು ಗದ್ದಲ ಎಂದುಕೊಂಡು ಅಳಿಸಿಬಿಡುತ್ತದೆ. ಬೆಂಡ್ ಮಾತ್ರ ಫೋನಿನಲ್ಲಿ ರೆಕಾರ್ಡ್ ಮಾಡಿ ಪಾಠದ ಮುಂಚೆಯೇ ಕಳಿಸಿ. ಕರೆಯಲ್ಲಿ ಕೇಳಿಸದ ತಪ್ಪು ಅದರಲ್ಲಿ ಅವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಗಿರ್ಮಿಟ್ ಅಥವಾ ಪೇಡೆ ತಿಂದಿದ್ದರೆ ಬಾಯಿ ಮುಕ್ಕಳಿಸಿ ಕೂತುಕೊಳ್ಳಿ. ಚೂರು ಹೋಗಿ ಕೂತರೆ ರೀಡ್ ನುಡಿಯುವುದೇ ಇಲ್ಲ.