ಸೊಂಟನೋವು: ವ್ಯಾಯಾಮದ 15, ಸ್ಪಾದ 26, ಇವೆರಡನ್ನೂ ಓದುವುದು ಹೇಗೆ?

12 ವಾರ ದಾಟಿದ ಸೊಂಟನೋವು ದೀರ್ಘಕಾಲದ್ದು. ಬಹಳಷ್ಟು ಜನರಲ್ಲಿ ನೋವಿನ ಮೂಲ ಇದೇ ಅಂತ ಬೆರಳಿಟ್ಟು ತೋರಿಸೋಕೆ ಆಗುವುದಿಲ್ಲ. ಇದು ಗೊತ್ತಿರೋದೇ, ಮುಂದಕ್ಕೆ ಹೋಗೋಣ.

ಇದಕ್ಕೆ ವ್ಯಾಯಾಮದ ಜೊತೆ ನೀರಿನ ಚಿಕಿತ್ಸೆಗಳೂ ಇವೆ. ಹೈಡ್ರೋಥೆರಪಿಯಲ್ಲಿ ಮಾಮೂಲಿ ನೀರು, ಬ್ಯಾಲ್ನಿಯೋಥೆರಪಿಯಲ್ಲಿ ಖನಿಜ ಇರುವ ಬಿಸಿನೀರು. ಸ್ಪಾ ಥೆರಪಿ ಅಂದರೆ ಇಡೀ ಪ್ಯಾಕೇಜ್: ಸ್ನಾನ, ಮಣ್ಣಿನ ಪಟ್ಟಿ, ಮಸಾಜ್, ವ್ಯಾಯಾಮ ಎಲ್ಲ ಸೇರಿ. ಫ್ರಾನ್ಸ್‌ನಲ್ಲಿ ಡಾಕ್ಟರ್ ಬರೆದುಕೊಟ್ಟರೆ 18 ದಿನದ ಈ ಚಿಕಿತ್ಸೆಗೆ ಸರ್ಕಾರಿ ಆರೋಗ್ಯ ವಿಮೆ ಒಂದು ಪಾಲು ಹಣ ಕೊಡುತ್ತದೆ. 3 ವಾರ ಆಫೀಸಿನ ಕುರ್ಚಿಯಿಂದ ದೂರ ಇದ್ದರೇ ಅರ್ಧ ನೋವು ಹೋಗುತ್ತೆ ಅಲ್ವಾ?

ಈಗ ತಲೆ ತಿನ್ನುವ ಭಾಗ. 2021ರ ಕೊಕ್ರೇನ್ ವಿಮರ್ಶೆ (ಹಲವು ಪ್ರಯೋಗಗಳನ್ನು ಒಟ್ಟಿಗೆ ಸೇರಿಸಿ ತೂಗುವ ವರದಿ) 249 ಪ್ರಯೋಗಗಳನ್ನು ನೋಡಿ, ನೋವನ್ನು 0ಯಿಂದ 100ರವರೆಗೆ ಅಳೆದರೆ ವ್ಯಾಯಾಮದಿಂದ ಸುಮಾರು 15 ಅಂಕ ಕಡಿಮೆ ಅಂದಿತು. 2006ರ ಇನ್ನೊಂದು ವಿಮರ್ಶೆಯಲ್ಲಿ ಸ್ಪಾಗೆ ಸಿಕ್ಕಿದ್ದು ಸುಮಾರು 26. ಹಾಗಾದರೆ ಸ್ಪಾ ಗೆದ್ದಿತಾ? ಇಲ್ಲ.

ಮೊದಲನೆಯದಾಗಿ, ಇದು ರೋಗಿಯ ನೋವು ಎಷ್ಟು ಇಳಿಯಿತು ಅನ್ನುವ ಲೆಕ್ಕವೇ ಅಲ್ಲ. ಉದಾಹರಣೆಗೆ ವ್ಯಾಯಾಮದವರು 60ರಿಂದ 35ಕ್ಕೆ ಬಂದರು, ಸುಮ್ನಿದ್ದವರು 60ರಿಂದ 50ಕ್ಕೆ ಬಂದರು ಅಂದುಕೊಳ್ಳಿ. ವ್ಯಾಯಾಮದ ಪಾಲು 25 ಅಲ್ಲ, 35 ಮತ್ತು 50ರ ನಡುವಿನ 15. ಸುಮ್ನಿದ್ದವರದ್ದು ಯಾಕೆ ಇಳಿಯಿತು? ಜನ ಆಸ್ಪತ್ರೆಗೆ ಬರುವುದೇ ನೋವು ಜಾಸ್ತಿಯಾದಾಗ, ಆಮೇಲೆ ಅದು ಸ್ವಲ್ಪ ತಾನಾಗೇ ತಗ್ಗುತ್ತದೆ. ಎರಡನೆಯದು, ಎದುರಿಗೆ ಯಾರಿದ್ದರು? ಸ್ಪಾದ ಆ 26 ಬಂದಿದ್ದು ಸರದಿ ಕಾಯುತ್ತಾ ಕೂತವರ ಎದುರು. ಅವರಿಗೆ ಚಿಕಿತ್ಸೆ ಸಿಕ್ಕಿತು ಅನ್ನುವ ಸಮಾಧಾನವೂ ಇಲ್ಲ. ಅತ್ತ ಬಿಸಿನೀರಿಗೆ ಇಳಿದವನಿಗೆ ತಾನು ಇಳಿದಿದ್ದೇನೆ ಅಂತ ಗೊತ್ತೇ ಇರುತ್ತದೆ, ಮುಚ್ಚಿಡೋಕೆ ಆಗಲ್ಲ, ಆ ಸಮಾಧಾನಕ್ಕೇ ನೋವು ಸ್ವಲ್ಪ ಕಡಿಮೆ ಅನ್ನಿಸಬಹುದು. ವ್ಯಾಯಾಮವನ್ನೇ ಬೇರೆ ಚಿಕಿತ್ಸೆಗಳ ಎದುರು ನಿಲ್ಲಿಸಿದಾಗ 15 ಹೋಗಿ 9 ಆಯಿತು. ಹಾಗಾಗಿ ಯಾವ ಅಂಕಿ ಕಂಡರೂ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ 'ಯಾರ ಎದುರು?' ಅಂತ ಬರೆದುಕೊಳ್ಳಿ.

ನನ್ನ ಪ್ರಕಾರ ನೀರು ಶುರು ಮಾಡೋಕೆ ಒಳ್ಳೆಯದು. ಸೊಂಟದವರೆಗೆ ನೀರಿದ್ದರೆ ಮೈಭಾರ ಹೆಚ್ಚುಕಡಿಮೆ ಅರ್ಧವಾಗುತ್ತದೆ, ಬಗ್ಗೋಕೆ ಹೆದರುವವರೂ ಧೈರ್ಯವಾಗಿ ಕಾಲಾಡಿಸುತ್ತಾರೆ. ಆದರೆ ದಿನಾ ಮಾಡೋಕೆ ಆಗೋದು ನೆಲದ ಮೇಲಿನ ವ್ಯಾಯಾಮವೇ. 2023ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ವ್ಯಾಯಾಮಕ್ಕೆ ಹೂಂ ಅಂದಿದೆ, ಸೊಂಟದ ಬೆಲ್ಟ್‌ಗೆ ಮತ್ತು ಟ್ರ್ಯಾಕ್ಷನ್‌ಗೆ (ಬೆನ್ನುಮೂಳೆಯನ್ನು ಎಳೆದು ಹಿಡಿಯುವ ಚಿಕಿತ್ಸೆ) ಬೇಡ ಅಂದಿದೆ.

ಮೂತ್ರದ ಹಿಡಿತ ತಪ್ಪಿದ್ದರೆ ಅಥವಾ ತೊಡೆಸಂದು ಮರಗಟ್ಟಿದ್ದರೆ ಇದ್ಯಾವುದೂ ಬೇಡ, ಆಗಲೇ ತುರ್ತು ವಿಭಾಗಕ್ಕೆ ಕಳಿಸಬೇಕು.